ಪರದೇಶಕ್ಕೆ ಹೊರಟವರಿಗೆ ಇಂಗ್ಲಿಷ್ ಕಲಿಸಿದ ಅನುಭವ

ಕಳೆದ ವಾರ ನಮ್ಮ ಬ್ಯಾಚ್ ಮುಗಿಯಿತು. ಮಂಗಳೂರಿನ ಕಂಕನಾಡಿ ಹತ್ತಿರ ಒಂದು ಬಾಡಿಗೆ ಹಾಲ್‌ನಲ್ಲಿ, ಸಂಜೆ ಹೊತ್ತು, ಹೊರದೇಶಕ್ಕೆ ಹೊರಟವರಿಗೆ ಇಂಗ್ಲಿಷ್ ಕಲಿಸಿದೆ. ಗ್ರಾಮರ್ ಸ್ವಲ್ಪವೇ ಇತ್ತು. ಜಾಸ್ತಿ ಇದ್ದದ್ದು ಗುರುತಿಲ್ಲದ ಊರಿನಲ್ಲಿ ಬದುಕುವುದಕ್ಕೆ ಬೇಕಾದ ಮಾತು, ಅಲ್ಲಿನ ಜನರ ರೀತಿಗೆ ಹೊಂದಿಕೊಳ್ಳುವ ಅಭ್ಯಾಸ. ಇಂಥ ಕ್ಲಾಸ್ ಹೇಗೆ ಶುರು ಮಾಡುವುದು ಎಂದು ಉಡುಪಿ, ಪುತ್ತೂರು ಕಡೆಯ ಶಿಕ್ಷಕರು ಕೇಳುತ್ತಿದ್ದಾರೆ. ಮರೆಯುವ ಮೊದಲೇ ಎಲ್ಲವನ್ನೂ ಬರೆದಿಡುತ್ತಿದ್ದೇನೆ.

ಇದಕ್ಕೆಲ್ಲ ಕಾರಣ ರಾತ್ರಿ ಬರುತ್ತಿದ್ದ ಫೋನ್‌ಗಳು. ನಾನು ಕೆಲವು ವರ್ಷ ಒಂದು ಕೋಚಿಂಗ್ ಸೆಂಟರ್‌ನಲ್ಲಿ, ಹೊರದೇಶಕ್ಕೆ ಹೋಗುವವರು ಬರೆಯುವ ಇಂಗ್ಲಿಷ್ ಪರೀಕ್ಷೆಗಳಿಗೆ ಪಾಠ ಮಾಡಿದೆ: ಎಲ್ಲರಿಗೂ ಇರುವ ಐಇಎಲ್‌ಟಿಎಸ್, ನರ್ಸ್, ಡಾಕ್ಟರ್‌ಗಳಂಥವರಿಗೆ ಇರುವ ಒಇಟಿ. ನಮ್ಮ ಮಕ್ಕಳು ಒಳ್ಳೆಯ ಸ್ಕೋರ್ ತೆಗೆದು ಹೋಗುತ್ತಿದ್ದರು. ಹೋದ ಮೇಲೆ ಫೋನ್ ಮಾಡಿ, "ಮೇಡಂ, ಅವರು ಹೇಳುವುದು ಅರ್ಥ ಆಗ್ತದೆ, ಆದ್ರೆ ನಾನು ಏನು ಹೇಳಬೇಕು ಅಂತ ಗೊತ್ತಾಗುವುದಿಲ್ಲ" ಎನ್ನುತ್ತಿದ್ದರು. ಒಬ್ಬಳು ಡ್ಯೂಟಿ ಮುಗಿಸಿ ರೂಮಿಗೆ ಬಂದು ದಿನಾ ಅಳುತ್ತಿದ್ದಳು. ಐಇಎಲ್‌ಟಿಎಸ್‌ನಲ್ಲಿ ಮಾತಿನ ಪರೀಕ್ಷೆ ಇರುವುದು 11ರಿಂದ 14 ನಿಮಿಷ. ಅಲ್ಲಿ ಹೋದ ಮೇಲೆ ಬೆಳಿಗ್ಗೆಯಿಂದ ರಾತ್ರಿ ತನಕ ಮಾತಾಡಬೇಕು, ಅಲ್ವಾ?

ವಾರಕ್ಕೆ ಒಂದು ಗಂಟೆ ಇದಕ್ಕೆ ಕೊಡಿ ಎಂದು ಸೆಂಟರ್‌ನವರನ್ನು ಕೇಳಿದೆ. "ಪರೀಕ್ಷೆಗೆ ಬರುವುದಿಲ್ಲವಲ್ಲ" ಎಂದರು. ನೋಡೋಣ, ಮುಂದಿನ ಬ್ಯಾಚ್‌ಗೆ ನೋಡೋಣ ಎನ್ನುತ್ತಾ ತಿಂಗಳುಗಳು ಹೋದವು. ತುಂಬ ಬೇಜಾರಾಯಿತು. ನಿಮಗೂ ಇದೇ ಉತ್ತರ ಸಿಕ್ಕಿದರೆ ಒಂದು ವಿಷಯ ಹೇಳಿ. 2018ರಿಂದ ಒಇಟಿ ಮಾತಿನ ಪರೀಕ್ಷೆಯಲ್ಲಿ ಭಾಷೆಗೆ ಮಾತ್ರ ಅಂಕ ಇರುವುದಲ್ಲ. ರೋಗಿಯ ಜೊತೆ ಹೇಗೆ ಮಾತು ಶುರು ಮಾಡಿದಿರಿ, ಅವರ ಆತಂಕ ಏನೆಂದು ಕೇಳಿದಿರಾ ಎನ್ನುವುದಕ್ಕೂ ಅಂಕ ಉಂಟು. ಅಂದರೆ ಅಲ್ಲಿನ ರೀತಿ ತಿಳಿದವರಿಗೆ ಪರೀಕ್ಷೆಯಲ್ಲೂ ಲಾಭವೇ. ನಮ್ಮ ಸೆಂಟರ್‌ನವರು ಅದಕ್ಕೂ ಒಪ್ಪಲಿಲ್ಲ. ಕೊನೆಗೆ ನಾನೇ ಹಾಲ್ ಹುಡುಕಲು ಹೊರಟೆ.

ಹಾಲ್ ಸಿಗುವುದು ಸುಲಭದ ಕೆಲಸ ಅಲ್ಲ. ಶಾಲೆಗಳು ಸಂಜೆ ಐದರ ಮೇಲೆ ಗೇಟ್ ಹಾಕುತ್ತವೆ. ಸಭಾಭವನಗಳು ಮದುವೆ, ನಿಶ್ಚಿತಾರ್ಥಕ್ಕೆ ಬುಕ್ ಆಗಿರುತ್ತವೆ. ಕಡೆಗೆ ಒಂದು ಸಂಘದ ಮಹಡಿಯ ಕೋಣೆ ಸಿಕ್ಕಿತು. ಒಂದು ಸಂಜೆಗೆ 400 ರೂಪಾಯಿ, ಫ್ಯಾನ್, ಲೈಟ್ ಸೇರಿ. ಅವರು ನನ್ನಿಂದ ಅರ್ಜಿ, ಆಧಾರ್ ಪ್ರತಿ, ಬರುವವರ ಹೆಸರಿನ ಪಟ್ಟಿ, ಇಷ್ಟನ್ನು ಕೇಳಿದರು. ಕಮಿಟಿ ಸಭೆ ಸೇರಿ ಒಪ್ಪಿಗೆ ಕೊಡುವ ತನಕ ಕಾಯಬೇಕಾಯಿತು. ಅದಕ್ಕೇ ಹಾಲ್‌ನ ಒಪ್ಪಿಗೆ ಕೈಗೆ ಬರುವ ತನಕ ಯಾರಿಂದಲೂ ಫೀಸ್ ತೆಗೆದುಕೊಳ್ಳಬೇಡಿ.

ಸಮಯ ಗೊತ್ತು ಮಾಡುವಾಗ ಬಸ್ ನೋಡಿಕೊಳ್ಳಿ. ಬಜಪೆ, ಮುಡಿಪು ಕಡೆಯವರಿಗೆ ರಾತ್ರಿಯಾದಂತೆ ಬಸ್ ಕಮ್ಮಿ. ನಾವು ಐದೂವರೆಗೆ ಶುರು ಮಾಡಿ ಏಳಕ್ಕೆ ಬಿಡುತ್ತಿದ್ದೆವು. ಇನ್ನೊಂದು ತೊಂದರೆ ನರ್ಸ್‌ಗಳ ಡ್ಯೂಟಿ. ಮಧ್ಯಾಹ್ನದ ಶಿಫ್ಟ್ ಬಿದ್ದರೆ ಸಂಜೆ ಬರಲಾಗುವುದಿಲ್ಲ. ಹಾಗಾಗಿ ವಾರಕ್ಕೆ ಎರಡು ಸಂಜೆ ಇಟ್ಟು, ಎರಡರಲ್ಲೂ ಒಂದೇ ಪಾಠ ಮಾಡಿದೆ. ಒಂದು ತಪ್ಪಿದರೆ ಇನ್ನೊಂದಕ್ಕೆ ಬರಬಹುದು. ಬಂದವರಲ್ಲಿ ನರ್ಸ್‌ಗಳೇ ಜಾಸ್ತಿ. ಜೊತೆಗೆ ದುಬೈಗೆ ಹೊರಟ ಹೋಟೆಲ್ ಕೆಲಸದ ಹುಡುಗರು, ಎಂಎಸ್ ಓದಲು ಹೋಗುವ ಒಬ್ಬ ಎಂಜಿನಿಯರ್, ಗಂಡನ ಹತ್ತಿರ ಹೋಗುವ ಇಬ್ಬರು ಹೆಂಗಸರು, ಬೆಳ್ತಂಗಡಿ ಕಡೆಯಿಂದ ಹೆಂಡತಿ ಜೊತೆ ಬಂದ ಒಬ್ಬರು. ಅವರ ವಿಷಯ ಆಮೇಲೆ ಹೇಳುತ್ತೇನೆ. ಎಲ್ಲರೂ ಕೇಳಿದ ಮೊದಲ ಪ್ರಶ್ನೆ ಒಂದೇ: "ಇದಕ್ಕೆ ಸರ್ಟಿಫಿಕೇಟ್ ಉಂಟಾ?" ಇಲ್ಲ ಎಂದೆ. ಕೆಲವರು ಅಲ್ಲಿಂದಲೇ ವಾಪಸ್ ಹೋದರು.

ಮೊದಲ ಸಂಜೆ ನಾನು ವಿದೇಶದ ಸುದ್ದಿಯನ್ನೇ ತೆಗೆಯಲಿಲ್ಲ. "ನೀವು ಮಂಗಳೂರಿಗೆ ಬಂದ ಹೊಸತರಲ್ಲಿ ಏನಾಯ್ತು, ಹೇಳಿ" ಎಂದೆ. ಎಲ್ಲರೂ ಸುಮ್ಮನೆ ಕೂತರು. ಆಮೇಲೆ ಬಾಗಲಕೋಟೆಯಿಂದ ನರ್ಸಿಂಗ್ ಓದಲು ಬಂದು ಇಲ್ಲೇ ಕೆಲಸಕ್ಕೆ ನಿಂತ ಒಬ್ಬ ಹುಡುಗಿ ಮಾತು ಶುರು ಮಾಡಿದಳು. ಬಸ್‌ನಲ್ಲಿ ಕಂಡಕ್ಟರ್ ತುಳುವಿನಲ್ಲಿ ಕೇಳುತ್ತಿದ್ದ. ಹಾಸ್ಟೆಲ್‌ನಲ್ಲಿ ಕುಚ್ಚಲಕ್ಕಿ ಅನ್ನ ಗಂಟಲಲ್ಲಿ ಇಳಿಯುತ್ತಿರಲಿಲ್ಲ, ಜೋಳದ ರೊಟ್ಟಿ ಕನಸಲ್ಲೂ ಬರುತ್ತಿತ್ತು. ಜುಲೈಯಲ್ಲಿ ಒಗೆದ ಬಟ್ಟೆ ಒಣಗದೆ ವಾಸನೆ ಬರುತ್ತಿತ್ತು. ವಾರ್ಡ್‌ನಲ್ಲಿ ಅಜ್ಜಿಯಂದಿರು ತುಳು, ಕೊಂಕಣಿ, ಬ್ಯಾರಿ ಮಾತಾಡುತ್ತಿದ್ದರು. ಇವಳ ಕನ್ನಡ ಕೇಳಿ ಜೊತೆಯ ಹುಡುಗಿಯರು ನಗುತ್ತಿದ್ದರು. "ಊರಿಗೆ ಹೋಗಿಬಿಡ್ತೀನಿ ಅಂತ ಅವ್ವನಿಗೆ ಫೋನ್ ಮಾಡಿದ್ದೆ ರೀ" ಎಂದಳು. ಹಾಗಾದರೆ ಹೇಗೆ ನಿಂತೆ ಎಂದು ಕೇಳಿದೆ. ರೂಮ್‌ಮೇಟ್ ದಿನಕ್ಕೆ ನಾಲ್ಕು ತುಳು ಮಾತು ಹೇಳಿಕೊಟ್ಟಳಂತೆ. ಭಾನುವಾರ ಊರ ಕಡೆಯ ಹುಡುಗಿಯರು ಸೇರಿ ರೊಟ್ಟಿ ಮಾಡುತ್ತಿದ್ದರಂತೆ. ಅರ್ಥ ಆಗದಿದ್ದರೆ ಇನ್ನೊಂದು ಸಲ ಹೇಳಿ ಎಂದು ಕೇಳಲು ನಾಚಿಕೆ ಬಿಟ್ಟಳಂತೆ.

ನಾನು ಅದನ್ನೆಲ್ಲ ಬೋರ್ಡ್ ಮೇಲೆ ಇಂಗ್ಲಿಷ್‌ನಲ್ಲಿ ಬರೆದೆ. ನಮ್ಮ ಇಡೀ ಕೋರ್ಸ್‌ಗೆ ಅದೇ ಪಠ್ಯ ಆಯಿತು. ಇಂಗ್ಲಿಷ್ ಪಠ್ಯಪುಸ್ತಕಗಳಲ್ಲೂ ಈ ವಿಷಯಕ್ಕೆ ಪಾಠಗಳು ಇರುತ್ತವೆ. ಆದರೆ ಅವು "ಹೀಗೆ ಮಾಡಿ, ಹಾಗೆ ಮಾಡಬೇಡಿ" ಎಂಬ ಪಟ್ಟಿಗಳು. ಓದಿದಾಗ ನಮ್ಮವರು ಹೆದರುತ್ತಾರೆ, ತಮಗೆ ಏನೂ ಗೊತ್ತಿಲ್ಲ ಎಂದುಕೊಳ್ಳುತ್ತಾರೆ. ಆದರೆ ಅವರಲ್ಲಿ ಹೆಚ್ಚಿನವರು ಒಮ್ಮೆ ಹೊಸ ಊರಿಗೆ ಬಂದು ಈ ದಾರಿಯಲ್ಲಿ ನಡೆದವರೇ. ಇಂಥ ಕ್ಲಾಸ್ ಮಾಡುವವರಿಗೆ ನಾನು ಮುಖ್ಯವಾಗಿ ಹೇಳುವುದು ಇಷ್ಟೇ: ಅವರಿಗೆ ಗೊತ್ತಿರುವುದರಿಂದ ಶುರು ಮಾಡಿ.

ಎರಡನೇ ವಾರ ಬೋರ್ಡ್ ಮೇಲೆ, ಕೆಳಗೆ ಇಳಿದು ಮತ್ತೆ ಮೇಲೇರುವ ಒಂದು ಗೆರೆ ಎಳೆದೆ. ಹೊಸ ಜಾಗಕ್ಕೆ ಹೋದಾಗ ಮನಸ್ಸಿಗೆ ಆಗುವ ಈ ಆಘಾತದ, ಅಂದರೆ 'ಕಲ್ಚರ್ ಶಾಕ್'ನ ಬಗ್ಗೆ ಕಲೆರ್ವೊ ಒಬರ್ಗ್ ಎಂಬ ಮಾನವಶಾಸ್ತ್ರಜ್ಞ 1960ರಲ್ಲಿ ಒಂದು ಲೇಖನ ಬರೆದರು. ಮೊದಲು ಎಲ್ಲವೂ ಚೆಂದ ಕಾಣುತ್ತದೆ. ಆಮೇಲೆ ಎಲ್ಲದರ ಮೇಲೆ ಸಿಟ್ಟು, ಬೇಸರ. ನಂತರ ಸ್ವಲ್ಪ ಸ್ವಲ್ಪ ಸುಧಾರಣೆ, ಕೊನೆಗೆ ಹೊಂದಿಕೆ. ಇದನ್ನು ಹೇಳಿದಾಗ ಹಲವರ ಮುಖ ಸಡಿಲವಾಯಿತು. ಈ ಕಷ್ಟಕ್ಕೆ ಹೆಸರು ಉಂಟು, ಇದು ತನ್ನೊಬ್ಬಳ ದೌರ್ಬಲ್ಯ ಅಲ್ಲ ಎಂದು ಗೊತ್ತಾಗುವುದೇ ದೊಡ್ಡದು. ಆದರೆ ಈ ಗೆರೆಯನ್ನು ಎಲ್ಲರಿಗೂ ಒಂದೇ ನಿಯಮ ಎಂಬಂತೆ ಕಲಿಸಬೇಡಿ. ಕಾಲಿನ್ ವಾರ್ಡ್ ಎಂಬ ಮನಶ್ಶಾಸ್ತ್ರಜ್ಞೆ ಮತ್ತು ಅವರ ಜೊತೆಯವರು ಬೇರೆ ದೇಶಕ್ಕೆ ಹೋದ ವಿದ್ಯಾರ್ಥಿಗಳನ್ನು ಗಮನಿಸಿದಾಗ ಶುರುವಿನ ದಿನಗಳೇ ತುಂಬ ಕಷ್ಟದವು ಎಂದು ಕಂಡಿತು. ಬಾಗಲಕೋಟೆಯ ಹುಡುಗಿಗೂ ಹಾಗೇ ಆಗಿತ್ತು. ಮೊದಲ ವಾರವೇ ಅಳು ಬಂದರೆ ಏನೋ ಕೆಟ್ಟಿದೆ ಎಂದು ಯಾರೂ ಅಂದುಕೊಳ್ಳಬಾರದು.

ಮುಂದಿನ ಪಾಠ ಫಾರ್ಮ್ ತುಂಬುವುದು. ಸುಲಭದ ಪಾಠ ಎಂದು ಒಂದು ಸಂಜೆ ಇಟ್ಟಿದ್ದೆ, ಮುಗಿಯಲೇ ಇಲ್ಲ. ಹೆಸರಿನ ವಿಷಯದಲ್ಲಿ ನಮ್ಮಲ್ಲಿ ಅಷ್ಟು ಗೊಂದಲ ಉಂಟು. ಶೆಟ್ಟಿ, ಭಟ್, ಡಿಸೋಜಾ ಇದ್ದವರಿಗೆ ತೊಂದರೆ ಇಲ್ಲ. ಆದರೆ ಕೆಲವರ ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಇನಿಶಿಯಲ್ ಮಾತ್ರ, ಪಾಸ್‌ಪೋರ್ಟ್‌ನಲ್ಲಿ ಅಪ್ಪನ ಪೂರ್ತಿ ಹೆಸರು. ಇಬ್ಬರ ಪಾಸ್‌ಪೋರ್ಟ್‌ನಲ್ಲಿ ಸರ್‌ನೇಮ್ ಜಾಗವೇ ಖಾಲಿ. ಪರೀಕ್ಷೆಗೆ ರಿಜಿಸ್ಟರ್ ಮಾಡುವಾಗ ಪಾಸ್‌ಪೋರ್ಟ್‌ನಲ್ಲಿ ಇದ್ದ ಹಾಗೇ ಹೆಸರು ಕೊಡಬೇಕು. ಐಇಎಲ್‌ಟಿಎಸ್ ಫೀಸ್ ಈಗ 17,000 ರೂಪಾಯಿ ದಾಟಿದೆ, ಒಇಟಿಯೂ ದುಬಾರಿ. ಹೆಸರಿನ ಗೊಂದಲಕ್ಕೆ ಅಷ್ಟು ದುಡ್ಡು ಹೋಗಬಾರದು. ಒಂದೇ ಹೆಸರಿನ ಪಾಸ್‌ಪೋರ್ಟ್ ಇದ್ದವರಿಗೆ ವಿಸಿಟ್ ವೀಸಾದಲ್ಲಿ ಪ್ರವೇಶ ಇಲ್ಲ ಎಂದು ಯುಎಇ 2022ರ ನವೆಂಬರ್‌ನಲ್ಲಿ ನಿಯಮ ಮಾಡಿತು. ಹೀಗಾಗಿ ಮೊದಲ ವಾರವೇ ಎಲ್ಲರ ಪಾಸ್‌ಪೋರ್ಟ್, ಅಂಕಪಟ್ಟಿ, ಆಧಾರ್ ಪಕ್ಕಪಕ್ಕ ಇಟ್ಟು ನೋಡಿಸಿ. ಸರಿ ಮಾಡಿಸಲು ಹೊತ್ತು ಬೇಕಾಗುತ್ತದೆ.

ಆ ಸಂಜೆ ಒಬ್ಬಳು ಕೇಳಿದಳು: "ಅಲ್ಲಿ ಎಲ್ಲರೂ ನನ್ನನ್ನು ಅಪ್ಪನ ಹೆಸರಲ್ಲಿ ಕರೆಯುತ್ತಾರಾ ಮೇಡಂ?" ಫಾರ್ಮ್‌ನಿಂದ ನಾವು ಪರಿಚಯ ಹೇಳಿಕೊಳ್ಳುವ ಪಾಠಕ್ಕೆ ಬಂದೆವು. ಇಂಗ್ಲೆಂಡ್‌ನಲ್ಲಿ ಕೇಟ್ ಗ್ರೇಂಜರ್ ಎಂಬ ವೈದ್ಯೆ ಇದ್ದರು. ಕ್ಯಾನ್ಸರ್ ಆಗಿ ತಾವೇ ಆಸ್ಪತ್ರೆಯಲ್ಲಿ ಮಲಗಿದ್ದಾಗ, ಎಷ್ಟೋ ಸಿಬ್ಬಂದಿ ತಮ್ಮ ಹೆಸರು ಹೇಳದೆಯೇ ಬಂದು ಹೋಗುತ್ತಿದ್ದುದನ್ನು ಗಮನಿಸಿದರು. ಸಿಬ್ಬಂದಿ ಮೊದಲು ತಮ್ಮ ಹೆಸರು ಹೇಳಲಿ ಎಂದು 2013ರಲ್ಲಿ ಒಂದು ಅಭಿಯಾನ ಶುರು ಮಾಡಿದರು. ಅದು ಅಲ್ಲಿನ ಆಸ್ಪತ್ರೆಗಳಲ್ಲೆಲ್ಲ ಹಬ್ಬಿತು. 2016ರಲ್ಲಿ ಅವರು ತೀರಿಕೊಂಡರು. ಈ ಕಥೆ ಹೇಳಿದ ಮೇಲೆ ಹುಡುಗಿಯರಿಗೆ ತಮ್ಮ ಹೆಸರು ಹೇಳುವುದರ ಮಹತ್ವ ತಿಳಿಯಿತು. ಇಲ್ಲಿ ನಾವು ರೋಗಿಗೆ "ಅಮ್ಮ", "ಅಜ್ಜ" ಎಂದರೆ ಸಾಕು, ನಮ್ಮ ಹೆಸರು ಯಾರೂ ಕೇಳುವುದಿಲ್ಲ. ಅಲ್ಲಿ ಮೊದಲು ನಮ್ಮ ಹೆಸರು ಹೇಳಿ, ಅವರನ್ನು ಹೇಗೆ ಕರೆಯಲಿ ಎಂದು ಕೇಳಿ, ಮುಟ್ಟುವ ಮೊದಲು ಒಪ್ಪಿಗೆ ಪಡೆಯಬೇಕು.

ನಮ್ಮ ಕೋರ್ಸ್‌ನ ದೊಡ್ಡ ಭಾಗ ರೋಲ್ ಪ್ಲೇ, ಅಂದರೆ ಒಂದು ಸನ್ನಿವೇಶ ಕೊಟ್ಟು ಅದರಂತೆ ಮಾತಾಡಿಸುವುದು. ಒಇಟಿಯಲ್ಲಿ ಮೂರು ನಿಮಿಷ ತಯಾರಿ, ಐದು ನಿಮಿಷ ಮಾತು. ನಾವೂ ಅದೇ ಲೆಕ್ಕ ಇಟ್ಟುಕೊಂಡೆವು, ಆದರೆ ಸನ್ನಿವೇಶಗಳನ್ನು ಫೋನ್ ಮಾಡಿ ಅಳುತ್ತಿದ್ದ ಮಕ್ಕಳಿಂದ ತೆಗೆದುಕೊಂಡೆ. ಸಹೋದ್ಯೋಗಿಗಳು ಚಹಾ ಕುಡಿಯಲು ಕರೆದಾಗ ಏನು ಮಾತಾಡುವುದು. ಸತತ ಮೂರನೇ ವಾರ ಭಾನುವಾರದ ಡ್ಯೂಟಿ ಹಾಕಿದಾಗ ಆಗುವುದಿಲ್ಲ ಎಂದು ಹೇಗೆ ಹೇಳುವುದು. ಡಾಕ್ಟರ್ ಬರೆದ ಡೋಸ್ ಜಾಸ್ತಿ ಎಂದು ಅನಿಸಿದರೆ ಏನು ಮಾಡುವುದು.

ಈ ಕೊನೆಯದು ತುಂಬ ಕಷ್ಟವಾಯಿತು. ನಮ್ಮಲ್ಲಿ ಡಾಕ್ಟರ್ ಎದುರು ನರ್ಸ್ ಮಾತಾಡುವುದು ಕಡಿಮೆ. ಅಲ್ಲಿ ಸುಮ್ಮನಿದ್ದರೆ ಅದೇ ತಪ್ಪು. ಇಂಗ್ಲೆಂಡ್‌ನ ಮಿಡ್ ಸ್ಟಾಫರ್ಡ್‌ಶೈರ್ ಆಸ್ಪತ್ರೆಯಲ್ಲಿ ರೋಗಿಗಳಿಗೆ ಆದ ಅನ್ಯಾಯದ ಬಗ್ಗೆ ವಿಚಾರಣೆ ನಡೆಸಿದ ರಾಬರ್ಟ್ ಫ್ರಾನ್ಸಿಸ್ ಅವರ ವರದಿ 2013ರಲ್ಲಿ ಬಂತು. ಅದರ ನಂತರ, ಸಿಬ್ಬಂದಿ ಹೆದರದೆ ದೂರು ಹೇಳಲು ಅಲ್ಲಿನ ಸರಕಾರಿ ಆಸ್ಪತ್ರೆಗಳಲ್ಲಿ ಬೇರೆಯೇ ವ್ಯವಸ್ಥೆ ಮಾಡಿದ್ದಾರೆ. ಹೀಗೆ ಮಾತಾಡಲು ಒಂದು ಹಿಡಿತ ಬೇಕು. ಅದಕ್ಕೆ ಎಸ್‌ಬಿಎಆರ್ ಎಂಬ ಕ್ರಮ ಉಂಟು: ಈಗ ಏನಾಗಿದೆ, ಹಿನ್ನೆಲೆ ಏನು, ನನಗೆ ಏನನಿಸುತ್ತದೆ, ನೀವು ಏನು ಮಾಡಬೇಕು. ಮೊದಲ ಸಲ ಮಾಡಿಸಿದಾಗ ಎಲ್ಲರೂ ಹಿನ್ನೆಲೆಯಿಂದಲೇ ಶುರು ಮಾಡಿದರು. ರೋಗಿ ಯಾವಾಗ ದಾಖಲಾದರು, ಮನೆಯವರು ಏನು ಹೇಳಿದರು, ಎಲ್ಲ ಬಂತು. ವಿಷಯ ಮಾತ್ರ ಕೊನೆಯಲ್ಲಿ, ಮೆತ್ತಗೆ. ನಮ್ಮ ಕಡೆ ಅದು ಮರ್ಯಾದೆಯ ಮಾತು. ಅಲ್ಲಿ ಫೋನ್ ಎತ್ತಿದ ಡಾಕ್ಟರ್‌ಗೆ ಮೊದಲ ವಾಕ್ಯದಲ್ಲೇ ವಿಷಯ ಬೇಕು. ಜೋಡಿ ಬದಲಿಸಿ ಬದಲಿಸಿ ಮಾಡಿಸಿದೆ. "ಮೇಡಂ, ಹೀಗೆ ಹೇಳಿದರೆ ಸೊಕ್ಕು ಅನ್ನುವುದಿಲ್ವಾ?" ಎಂದು ಒಬ್ಬಳು ಕೇಳಿದಳು. ಇನ್ನೊಬ್ಬಳು ನನಗಿಂತ ಮೊದಲು ಉತ್ತರ ಕೊಟ್ಟಳು: "ರೋಗಿ ಸತ್ತರೆ ಏನು ಅಂತಾರೆ?"

ನರ್ಸ್ ಅಲ್ಲದವರಿಗೆ ತುರ್ತು ಕರೆಯ ಅಭ್ಯಾಸ ಮಾಡಿಸಿದೆ. ಬ್ರಿಟನ್‌ನಲ್ಲಿ 999, ಯುರೋಪಿನಲ್ಲಿ 112, ಯುಎಇಯಲ್ಲಿ ಆಂಬುಲೆನ್ಸ್‌ಗೆ 998. ವಿಳಾಸ, ಅಕ್ಷರ ಬಿಡಿಸಿ ಹೇಳುವುದು, ಉಸಿರಾಡುತ್ತಿದ್ದಾರಾ ಎಂಬ ಪ್ರಶ್ನೆಗೆ ನೇರ ಉತ್ತರ. ಇದನ್ನು ಖಂಡಿತ ಮಾಡಿಸಿ. ಬೆನ್ನು ತಿರುಗಿಸಿ ನಿಲ್ಲಿಸಿ ಮಾಡಿಸಿದರೆ ಒಳ್ಳೆಯದು, ಫೋನ್‌ನಲ್ಲಿ ಮುಖ ಕಾಣುವುದಿಲ್ಲವಲ್ಲ.

ಈಗ ಬೆಳ್ತಂಗಡಿ ಕಡೆಯವರ ವಿಷಯ. ಹೆಂಡತಿ ನರ್ಸ್, ಬ್ರಿಟನ್‌ಗೆ ಕೆಲಸದ ವೀಸಾ. ಇವರು ಅವಲಂಬಿತರ ವೀಸಾದಲ್ಲಿ, ಪುಟ್ಟ ಮಗಳ ಜೊತೆ. ಊರಲ್ಲಿ ಅಡಿಕೆ ತೋಟ, ಸೊಸೈಟಿಯಲ್ಲಿ ನಿರ್ದೇಶಕರು, ಹತ್ತು ಜನ ಮಾತು ಕೇಳುವವರು. ಕ್ಲಾಸ್‌ನಲ್ಲಿ ಹಿಂದಿನ ಸಾಲಲ್ಲಿ ಕೂತು ಬಾಯಿ ಬಿಡುತ್ತಿರಲಿಲ್ಲ. ಪರಿಚಯದ ಪಾಠದ ದಿನ ಅವರ ಸರದಿ ಬಂದಾಗ ಎದ್ದು ನಿಂತರು. "ಅಲ್ಲಿ ನಾನು ಯಾರು ಅಂತ ಹೇಳಬೇಕು ಮೇಡಂ?" ಎಂದು ಕನ್ನಡದಲ್ಲೇ ಕೇಳಿದರು. ಯಾರೂ ಮಾತಾಡಲಿಲ್ಲ. ನನಗೂ ಗಂಟಲು ಕಟ್ಟಿತು.

ಇಂಥವರ ಬಗ್ಗೆ ಯಾರೂ ಯೋಚಿಸುವುದಿಲ್ಲ. ಕೆಲಸಕ್ಕೆ ಹೋಗುವವರಿಗೆ ಆಸ್ಪತ್ರೆ ತರಬೇತಿ ಕೊಡುತ್ತದೆ, ಸಹೋದ್ಯೋಗಿಗಳು ಇರುತ್ತಾರೆ. ಜೊತೆಗೆ ಹೋಗುವ ಗಂಡನಿಗೆ, ಹೆಂಡತಿಗೆ ಮನೆಯ ನಾಲ್ಕು ಗೋಡೆ. "ಗಂಡ ಇದ್ದಾನಲ್ಲ, ನೋಡಿಕೊಳ್ತಾನೆ" ಎಂದು ಅತ್ತೆ ಹೇಳಿ ಕಳಿಸಿದ ಹೆಂಗಸರಿಬ್ಬರದ್ದೂ ಇದೇ ಸ್ಥಿತಿ. ಅವರಿಗಾಗಿ ಬೇರೆಯೇ ಪಾಠ ಮಾಡಿದೆ. ಮಗುವಿನ ಶಾಲೆಯ ಗೇಟ್ ಹತ್ತಿರ ಇನ್ನೊಬ್ಬ ಪೋಷಕರ ಜೊತೆ ಎರಡು ಮಾತು. ಡಾಕ್ಟರ್ ಹತ್ತಿರ ಹೆಸರು ನೋಂದಾಯಿಸುವುದು. ಪಕ್ಕದ ಮನೆಯವರಿಗೆ ಅಡುಗೆಯ ಒಗ್ಗರಣೆ ವಾಸನೆ ಬಗ್ಗೆ ಹೇಳುವುದು. ಗ್ರಂಥಾಲಯದಲ್ಲಿ ಕಾರ್ಡ್ ಕೇಳುವುದು. ಅಡಿಕೆ ಕೃಷಿಯ ಬಗ್ಗೆ ಐದು ನಿಮಿಷ ಇಂಗ್ಲಿಷ್‌ನಲ್ಲಿ ಹೇಳಿ ಎಂದು ಬೆಳ್ತಂಗಡಿಯವರಿಗೆ ಕೊಟ್ಟೆ. ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಸಿಂಪಡಿಸುವುದನ್ನು ಅವರು ಕೈ ಆಡಿಸಿ ಹೇಳಿದರು. ಎಂಜಿನಿಯರ್ ಹುಡುಗ ಪ್ರಶ್ನೆ ಮೇಲೆ ಪ್ರಶ್ನೆ ಕೇಳಿದ. ಐದು ನಿಮಿಷ ಇಪ್ಪತ್ತಾಯಿತು. ಆ ದಿನದಿಂದ ಅವರು ಮುಂದಿನ ಸಾಲಿಗೆ ಬಂದರು.

ಮಳೆಗಾಲದಲ್ಲಿ ಕ್ಲಾಸ್ ಮಾಡುವವರು ಎದೆ ಗಟ್ಟಿ ಮಾಡಿಕೊಳ್ಳಿ. ಕರೆಂಟ್ ಹೋಗುತ್ತದೆ, ಜಿಲ್ಲಾಧಿಕಾರಿ ರಜೆ ಕೊಟ್ಟ ದಿನ ಯಾರೂ ಬರುವುದಿಲ್ಲ. ದಾಖಲೆಗಳ ಕೆಲಸಕ್ಕೆ ಬೆಂಗಳೂರಿಗೆ ಹೋದವರು ಶಿರಾಡಿ ಘಾಟಿಯಲ್ಲಿ ಗುಡ್ಡ ಕುಸಿದು ಅಲ್ಲೇ ಉಳಿದದ್ದೂ ಉಂಟು. ಗಲ್ಫ್‌ಗೆ ಹೋಗುವವರ ಸರ್ಟಿಫಿಕೇಟ್‌ಗಳಿಗೆ ರಾಜ್ಯದ ಮುದ್ರೆ, ವಿದೇಶಾಂಗ ಸಚಿವಾಲಯದ ಮುದ್ರೆ, ಆಮೇಲೆ ಯುಎಇಯಂಥ ದೇಶವಾದರೆ ಅವರ ರಾಯಭಾರ ಕಚೇರಿಯ ಮುದ್ರೆ. ಇದರ ಕಾಯುವಿಕೆ ಮಕ್ಕಳ ಮನಸ್ಸನ್ನು ತಿನ್ನುತ್ತದೆ. ಕ್ಲಾಸ್‌ನಲ್ಲಿ ಕೂತಿದ್ದರೂ ಗಮನ ಫೋನ್ ಮೇಲೆ. ಅಂಥ ದಿನ ಪಾಠ ಬಿಟ್ಟು ಅದನ್ನೇ ಮಾತಾಡಿದೆವು, ಇಂಗ್ಲಿಷ್‌ನಲ್ಲಿ.

ಏಜೆಂಟರ ವಿಷಯ ಇಲ್ಲೇ ಹೇಳಿಬಿಡುತ್ತೇನೆ. ಸರಕಾರದ ಇ-ಮೈಗ್ರೇಟ್ ತಾಣದಲ್ಲಿ ಏಜೆಂಟರ ಲೈಸೆನ್ಸ್ ನೋಡಬಹುದು. ನೋಂದಾಯಿತ ಏಜೆಂಟ್ ತೆಗೆದುಕೊಳ್ಳಬಹುದಾದ ಸೇವಾ ಶುಲ್ಕ ಜಾಸ್ತಿ ಎಂದರೆ 30,000 ರೂಪಾಯಿ, ಮೇಲೆ ಜಿಎಸ್‌ಟಿ. ನಮ್ಮ ಹೋಟೆಲ್ ಹುಡುಗರಲ್ಲಿ ಒಬ್ಬನಿಗೆ ಅದರ ನಾಲ್ಕು ಪಟ್ಟು ಕೇಳಿದ್ದರು. ರಸೀದಿ ಕೇಳುವ ಅಭ್ಯಾಸವನ್ನೂ ಕ್ಲಾಸ್‌ನಲ್ಲೇ ಮಾಡಿಸಿದೆ. ಪಾಸ್‌ಪೋರ್ಟ್ ಭಾರತ ಸರಕಾರದ ಸ್ವತ್ತು ಎಂದು ಅದರಲ್ಲೇ ಅಚ್ಚು ಹಾಕಿರುತ್ತದೆ. ಧಣಿಗಳು ಇಟ್ಟುಕೊಳ್ಳುತ್ತೇನೆ ಎಂದರೆ ಇದನ್ನು ತೋರಿಸಿ, ಮರ್ಯಾದೆಯಿಂದ ಬೇಡ ಎಂದು ಹೇಳುವುದು ಹೇಗೆ ಎಂದು ಅಭ್ಯಾಸ ಮಾಡಿದೆವು.

ಮಳೆ ಬಿಟ್ಟ ಒಂದು ಸಂಜೆ ಎಲ್ಲರನ್ನೂ ಬಲ್ಮಠಕ್ಕೆ ಕರೆದುಕೊಂಡು ಹೋದೆ. ಅದು ಬಾಸೆಲ್ ಮಿಶನ್ ಎಂಬ ಕ್ರೈಸ್ತ ಸಂಸ್ಥೆಯ ಹಳೆಯ ನೆಲೆ; ಆ ಮಿಶನ್‌ನವರು 1834ರಲ್ಲಿ ಮಂಗಳೂರಿಗೆ ಬಂದವರು. ಅವರಲ್ಲಿ ಒಬ್ಬರಾದ ಮೋಗ್ಲಿಂಗ್ ಇಲ್ಲಿಂದಲೇ 1843ರಲ್ಲಿ 'ಮಂಗಳೂರ ಸಮಾಚಾರ' ಪತ್ರಿಕೆ ಶುರು ಮಾಡಿದರು. ಕಿಟ್ಟೆಲ್ 1853ರಲ್ಲಿ ಬಂದರು, ಅವರ ಕನ್ನಡ ನಿಘಂಟು 1894ರಲ್ಲಿ ಇಲ್ಲೇ ಅಚ್ಚಾಯಿತು. ಜರ್ಮನಿಯಿಂದ ಬಂದವರಿಗೆ ಈ ಸೆಕೆ, ಈ ಮಳೆ, ಈ ಊಟ ಹೇಗಾಗಿರಬೇಡ? ಮೊದಲ ವರ್ಷ ಮನೆಗೆ ಏನು ಕಾಗದ ಬರೆದಿರಬಹುದು, ನೀವೇ ಬರೆಯಿರಿ ಎಂದೆ. ಆ ಕಾಗದಗಳಲ್ಲಿ ಬಂದದ್ದೆಲ್ಲ ಅವರವರ ಭಯವೇ.

ಚಳಿಗಾಲದ ಬಗ್ಗೆ ನಾನು ಬಾಯಲ್ಲಿ ಹೇಳುವ ಬದಲು ಬ್ರಿಟನ್‌ನಲ್ಲಿ ಇರುವ ನನ್ನ ಹಳೆಯ ವಿದ್ಯಾರ್ಥಿನಿಯಿಂದ ಹೇಳಿಸಿದೆ, ವಿಡಿಯೋ ಕರೆಯಲ್ಲಿ. ಬೇಸಿಗೆಯಲ್ಲಿ ಅವರಿಗೂ ನಮಗೂ ನಾಲ್ಕೂವರೆ ಗಂಟೆ ವ್ಯತ್ಯಾಸ, ಚಳಿಗಾಲದಲ್ಲಿ ಐದೂವರೆ. ಅವಳ ರಜೆ ನೋಡಿ ಸಮಯ ಗೊತ್ತು ಮಾಡುವುದಕ್ಕೇ ಹಲವು ಸಲ ಮುಂದೂಡಬೇಕಾಯಿತು. ಡಿಸೆಂಬರ್‌ನಲ್ಲಿ ಲಂಡನ್‌ನಲ್ಲೇ ನಾಲ್ಕು ಗಂಟೆಯೊಳಗೆ ಸೂರ್ಯ ಮುಳುಗುತ್ತಾನೆ. ಬೆಳಿಗ್ಗೆ ಕತ್ತಲಲ್ಲಿ ಡ್ಯೂಟಿಗೆ ಹೋಗಿ ಕತ್ತಲಲ್ಲಿ ವಾಪಸ್. "ಅದು ಹವೆಯ ತೊಂದರೆ ಅಂತ ನನಗೆ ಗೊತ್ತಿರಲಿಲ್ಲ. ನನಗೇ ಏನೋ ಆಗಿದೆ ಅಂದುಕೊಂಡೆ" ಎಂದಳು. ಮಧ್ಯಾಹ್ನದ ಬಿಡುವಿನಲ್ಲಿ ಹೊರಗೆ ನಡೆಯಿರಿ, ಬೇಸರ ಹೋಗದಿದ್ದರೆ ಡಾಕ್ಟರ್‌ಗೆ ಹೇಳಿ, ಮುಚ್ಚಿಡಬೇಡಿ ಎಂದಳು. ನಾನು ಹೇಳಿದ್ದಕ್ಕಿಂತ ಅವಳ ಮಾತಿಗೆ ಬೆಲೆ ಜಾಸ್ತಿ. ನೀವೂ ಹೋದವರಲ್ಲಿ ಒಬ್ಬರನ್ನು ಹೀಗೆ ಮಾತಾಡಿಸಿ. ಎಲ್ಲ ಚೆನ್ನಾಗಿದೆ ಎಂದು ಮಾತ್ರ ಹೇಳುವವರು ಬೇಡ.

ಖರ್ಚಿನ ಲೆಕ್ಕ ಕೇಳುವವರಿಗೆ: ಒಬ್ಬರಿಂದ 1,500 ರೂಪಾಯಿ ತೆಗೆದುಕೊಂಡೆ. ಹಾಲ್, ಝೆರಾಕ್ಸ್, ಒಂದು ಸ್ಪೀಕರ್ ಬಾಡಿಗೆ, ಚಹಾ ಎಲ್ಲ ಕಳೆದು ನನ್ನ ಕೈಗೆ ಹೆಚ್ಚು ಉಳಿಯಲಿಲ್ಲ. ಚಹಾ ಮಾತ್ರ ನಿಲ್ಲಿಸಬೇಡಿ, ಒಳ್ಳೆಯ ಮಾತೆಲ್ಲ ಆಗ ಬರುತ್ತದೆ. ಪ್ರೊಜೆಕ್ಟರ್ ಬೇಕಾಗಲೇ ಇಲ್ಲ. ಫೀಸ್ ಒಂದೇ ಕಂತಿನಲ್ಲಿ ತೆಗೆದುಕೊಳ್ಳಿ, ವೀಸಾ ಬಂದ ಮರುದಿನವೇ ಹೊರಡುವವರು ಇರುತ್ತಾರೆ.

ಕೊನೆಯ ಕ್ಲಾಸ್‌ನಲ್ಲಿ ಎಲ್ಲರಿಗೂ ಒಂದು ಹಾಳೆ ಕೊಟ್ಟೆ. ಹೋದ ಮೊದಲ ತಿಂಗಳು ಯಾರಿಗೆ ಯಾವ ವಾರ ಫೋನ್ ಮಾಡುತ್ತೀರಿ, ಕ್ಲಾಸ್‌ನ ಯಾವ ಇಬ್ಬರು ನಿಮ್ಮನ್ನು ವಿಚಾರಿಸುತ್ತಾರೆ ಎಂದು ಬರೆಯಿಸಿದೆ. ಮನೆಯವರ ಹೆಸರು ಮಾತ್ರ ಬರೆಯಬೇಡಿ ಎಂದೆ, ಅವರಿಗೆ ಯಾರೂ ನಿಜ ಹೇಳುವುದಿಲ್ಲ. ಬಾಗಲಕೋಟೆಯ ಹುಡುಗಿಯ ಹೆಸರನ್ನು ಬಹಳ ಜನ ಬರೆದರು. ಅವಳ ವೀಸಾ ಇನ್ನೂ ಬಂದಿಲ್ಲ. ಬರುವ ತನಕ ಮುಂದಿನ ಬ್ಯಾಚ್‌ನ ಮೊದಲ ಸಂಜೆ ಅವಳೇ ನಡೆಸಿಕೊಡುತ್ತಾಳೆ, ದೀಪಾವಳಿ ಕಳೆದ ಮೇಲೆ, ಅದೇ ಹಾಲ್‌ನಲ್ಲಿ.